ಸಾವಿತ್ರವ್ವನ ಕಾಲು ಜಾರಿರಲಿಲ್ಲ

ಬಿಳೂರಿನ ಅಣ್ಣಾರಾಯರ ಹಿರಿಮಗಳು ಗೌರವ್ವ ಎಂ.ಎ. ಓದಲು ಕೊಲ್ಲಾಪುರದ ವಿದ್ಯಾಪೀಠಕ್ಕೆ ಹೊರಟಾಗ ಅಪ್ಪನೇ ಟ್ರಂಕು ಹೊತ್ತು ಬಸ್ಸಿನವರೆಗೆ ಬಂದಿದ್ದರು. ನಮ್ಮ ಗೌರಾ ಇನ್ನ ಪ್ರೊಫೆಸರ ಆಗಾಕಿ ಎಂದು ಅಂಗಡಿಗೆ ಬಂದವರ ಮುಂದೆಲ್ಲ ಹೇಳಿಕೊಂಡಿದ್ದರು. ಅದು ಅರವತ್ತೆಂಟನೆಯ ಇಸವಿ. ಆ ವರ್ಷದ ದೀಪಾವಳಿ ಸೂಟಿಗೆ ಆಕೆ ಊರಿಗೆ ಬಂದಾಗ ಅದೇ ಅಪ್ಪ ಮುಖ ಕೊಟ್ಟು ಮಾತಾಡಲಿಲ್ಲ.

ಸೋನ್ಯಾಳದ ಶಿದ್ರಾಯನೂ ಅದೇ ವಿದ್ಯಾಪೀಠದಲ್ಲಿದ್ದ. ಕುರಿ ಕಾಯುವವರ ಮನೆಯ ಹುಡುಗ. ದಿನವಿಡೀ ಮರಾಠಿಯಲ್ಲೇ ಕಳೆಯುವ ಊರಿನಲ್ಲಿ ಇಬ್ಬರೂ ತಮ್ಮ ಸೀಮೆಯ ಕನ್ನಡ ಮಾತಾಡಿ ಹಗುರಾಗುತ್ತಿದ್ದರು. ಹಾಗೆ ಮಾತಾಡುತ್ತ ಒಬ್ಬರಿಗೊಬ್ಬರು ಬೇಕಾದರು. ಮೀರಜ ಬಸ್ ಸ್ಟ್ಯಾಂಡಿನಲ್ಲಿ ಅವರು ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿಯುವುದನ್ನು ಗೌರವ್ವನ ಸಂಬಂಧಿಕ ರೇವಪ್ಪ ಕಂಡ. ಆಕೆ ಬರುವ ಮೊದಲೇ ಸುದ್ದಿ ಬಿಳೂರು ಮುಟ್ಟಿತ್ತು.

ಅಣ್ಣ ಬಸಗೊಂಡ ಕೇಳಲೂ ಇಲ್ಲ, ಬಾರಕೋಲು ತಗೊಂಡ. ಬಡಿಯುವಾಗ ಆಕೆ ಅಡ್ಡ ಹಿಡಿದ ಕೈಗಳು ಬಾಸುಂಡೆ ಎದ್ದು ಕರ್ರಗಾದವು. ಆಮೇಲೆ ಆಕೆಯನ್ನು ಕಾಳಿನ ಕೋಣೆಯಲ್ಲಿ ಹಾಕಿ ಕೀಲಿ ಜಡಿದರು. ವಳಸಂಗದ ಸೋಮನಿಂಗಪ್ಪ, ಹೆಂಡತಿ ತೀರಿಕೊಂಡವ, ಆತನಿಗೆ ಕೊಡುವುದೆಂದು ಗೊತ್ತು ಮಾಡಿದರು. ಆಕೆ ಒಲ್ಲೆ ಅಂದಳು. ಬಾಗಿಲ ಆಚೆಯಿಂದ ಅಪ್ಪನ ದನಿ ಬಂತು, ಸಿಟ್ಟಿಲ್ಲದೆ, ದಣಿದವರಂತೆ:

"ಒಲ್ಲೆ ಅಂದರ ಸಾವಿತ್ರವ್ವನ ಹಾದಿ ಐತಿ ನೋಡು."

ಸಾವಿತ್ರವ್ವ ಅಪ್ಪನ ತಂಗಿ. ಗೌರವ್ವ ಸಣ್ಣಾಕಿ ಇದ್ದಾಗ ಹೊಲದ ಬಾವಿಯಲ್ಲಿ ನೀರು ಸೇದಲು ಹೋಗಿ ಕಾಲು ಜಾರಿ ಬಿದ್ದು ಸತ್ತಳೆಂದು ಮನೆಯಲ್ಲಿ ಹೇಳುತ್ತಿದ್ದರು. ಮದುವೆ ಗೊತ್ತಾದ ಹುಡುಗಿ, ಪಾಪ, ಎಂದು ಊರವರೂ ಅನ್ನುತ್ತಿದ್ದರು.

ಮಾರನೆಯ ದಿನ ಗಂಡಸರು ಮದುವೆಯ ಅರಿವೆ ತರಲು ವಿಜಾಪುರಕ್ಕೆ ಹೋದರು. ಬಿಸಿಲೇರುವ ಹೊತ್ತಿಗೆ ಅವ್ವ ಕಾಳವ್ವ ಕೀಲಿ ತೆಗೆದು ಒಳಗೆ ಬಂದಳು. ಅರಿವೆಯಲ್ಲಿ ಸುತ್ತಿದ ರೊಟ್ಟಿ ಕೈಗಿಟ್ಟಳು. ಜೋಳದ ಚೀಲಕ್ಕೆ ಆತುಕೊಂಡಳು.

"ಸಾವಿತ್ರವ್ವನ ಕಾಲು ಜಾರಿರಲಿಲ್ಲ, ಗೌರಾ," ಅಂದಳು. "ನಾ ಅವತ್ತ ಮನ್ಯಾಗ ಇದ್ದೆ. ಬಾಯಿ ತೆಗೀಲಿಲ್ಲ. ನೀ ನಡಿ."

ಬಸ್ಸಿನಲ್ಲಿ ಗೌರವ್ವ ಸೆರಗಿನಿಂದ ಕೈ ಮುಚ್ಚಿಕೊಂಡು ಕೂತಳು. ಬಸ್ಸು ಬದಲಿಸಬೇಕಾದ ಜತ್ತದಲ್ಲಿ ಗುರುತಿನವರು ಯಾರೂ ಸಿಗಬಾರದೆಂದು ಬೇಡಿಕೊಂಡಳು. ತನ್ನ ಜೀವ ಉಳಿಯಿತೆಂಬ ಸಮಾಧಾನಕ್ಕಿಂತ, ಸಂಜೆ ಗಂಡಸರು ತಿರುಗಿ ಬಂದಾಗ ಅವ್ವನ ಗತಿ ಏನು ಎಂಬ ವಿಚಾರವೇ ಆಕೆಯನ್ನು ತಿನ್ನುತ್ತಿತ್ತು.

ವಿದ್ಯಾಪೀಠದ ಕಚೇರಿಯಲ್ಲಿ ದೊಡ್ಡ ಸಾಹೇಬರೊಬ್ಬರು ಆಕೆಯ ಮಾತು ಅರ್ಧ ಕೇಳಿದರು. ಇದು ನಿಮ್ಮ ಮನೆತನದ ವಿಷಯ, ತಂದೆಯವರನ್ನು ಕರೆದುಕೊಂಡು ಬಾ, ಕೂತು ಮಾತಾಡೋಣ ಎಂದು ಮರಾಠಿಯಲ್ಲಿ ಸಮಾಧಾನ ಹೇಳಿ ಕಳಿಸಿದರು. ಗೌರವ್ವ ಹೊರಗೆ ಬಂದು ಕಂಬಕ್ಕೆ ಒರಗಿ ನಿಂತಳು. ಹೋಗಲು ಇನ್ನೊಂದು ಊರೂ ಇರಲಿಲ್ಲ, ಇನ್ನೊಂದು ಮನೆಯೂ ಇರಲಿಲ್ಲ.

ಹುಡುಗಿಯರ ಹಾಸ್ಟೆಲ್ ನೋಡಿಕೊಳ್ಳುವ ರೆಕ್ಟರ್ ಇಂದುಬಾಯಿ ಜತ್ತದ ಕಡೆಯವರು. ಕಟ್ಟುನಿಟ್ಟಿನ ಹೆಂಗಸು, ಹುಡುಗಿಯರು ಅಂಜುತ್ತಿದ್ದರು. ಗೌರವ್ವನೂ ತಾನಾಗಿ ಅವರ ಬಳಿ ಹೋಗಲಿಲ್ಲ. ಸೂಟಿಯಲ್ಲಿ ಯಾಕೆ ಬಂದೆ ಎಂದು ಹಾಸ್ಟೆಲಿನ ಬಾಗಿಲಲ್ಲಿ ಅವರೇ ತಡೆದು ಕೇಳಿದರು. ಆಕೆ ಸೆರಗು ಸರಿಸಿ ಕೈ ತೋರಿಸಿದಳು. ಇಂದುಬಾಯಿ ತಮ್ಮ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು, ಕುಡಿಯಲು ನೀರು ಕೊಟ್ಟು ಎಲ್ಲ ಕೇಳಿದರು. ನಡುವೆ ಒಮ್ಮೆಯೂ ನಿನ್ನದೇನು ತಪ್ಪು ಎಂದು ಕೇಳಲಿಲ್ಲ. ಕಡೆಗೆ ಒಂದೇ ಮಾತು ಕೇಳಿದರು:

"ನಿನಗ ಏನ ಬೇಕು, ಅದನ್ನ ಹೇಳು."

ಹುಟ್ಟಿದಾಗಿನಿಂದ ಯಾರೂ ಕೇಳದ ಮಾತದು. ಓದು ಮುಗಿಸಬೇಕು ಅಂದಳು ಗೌರವ್ವ, ಆಮೇಲೆ, ಬದುಕಬೇಕು ಅಂದಳು.

ಇಂದುಬಾಯಿ ಆಕೆಯನ್ನು ಅಂದೇ ಪೊಲೀಸ್ ಠಾಣೆಯ ಫೌಜದಾರರ ಬಳಿ ಕರೆದೊಯ್ದು ಹೇಳಿಕೆ ಬರೆಸಿದರು. ಬರೆದುಕೊಳ್ಳಲು ಫೌಜದಾರರಿಗೆ ಮನಸ್ಸಿರಲಿಲ್ಲ. ಇಂದುಬಾಯಿ ಎದ್ದು ಹೋಗದೆ ಕೂತಿದ್ದಕ್ಕೆ ಬರೆದರು. ಸೂಟಿ ಮುಗಿದ ಮೇಲೆ ಹಾಸ್ಟೆಲಿನ ಹುಡುಗಿಯರು ಸರದಿಯ ಮೇಲೆ ತರಗತಿಗೆ ಆಕೆಯ ಜೋಡಿ ಹೋದರು.

ಸೂಟಿ ಮುಗಿಯುವ ಮೊದಲೇ ಅಣ್ಣಾರಾಯರು ಬಸಗೊಂಡನ ಜೋಡಿ ಹಾಸ್ಟೆಲಿಗೆ ಬಂದರು. ಇಂದುಬಾಯಿ ಇಬ್ಬರನ್ನೂ ಕೂಡ್ರಿಸಿ ಚಹಾ ಕೊಡಿಸಿದರು. ಮಾನ ಹೋಯಿತು, ಊರಾಗ ತಲಿ ಎತ್ತಿ ತಿರುಗದಂತಾಯಿತು ಎಂದು ಅಣ್ಣಾರಾಯರು ಅತ್ತರು. ಅಪ್ಪ ಅಳುವುದನ್ನು ಗೌರವ್ವ ಎಂದೂ ಕಂಡಿರಲಿಲ್ಲ. ಆಕೆಯ ಕಾಲುಗಳು ತಾವಾಗಿಯೇ ಅವರ ಕಡೆ ಎರಡು ಹೆಜ್ಜೆ ಹೋದವು.

"ಅಣ್ಣಾರಾಯರ, ಆಕಿ ಬರ್ತೇನಿ ಅಂದರ ನಾ ತಡಿಯಾಂಗಿಲ್ಲ. ಒಲ್ಲೆ ಅಂದರ ಕಳಸಾಂಗಿಲ್ಲ," ಎಂದರು ಇಂದುಬಾಯಿ. "ಆಕಿನ್ನ ಕೇಳ್ರಿ."

ಅವರು ಕೇಳಲಿಲ್ಲ. ಕೇಳದಿದ್ದರೂ ಗೌರವ್ವ ಹೇಳಿದಳು: "ನಾ ಬರಾಂಗಿಲ್ಲ, ಯಪ್ಪಾ."

ಅಣ್ಣಾರಾಯರು ರುಮಾಲು ಸರಿಪಡಿಸಿಕೊಂಡು ಎದ್ದರು. ನಮ್ಮ ಪಾಲಿಗೆ ನೀ ಸತ್ತಂಗ ಎಂದು ಬಸಗೊಂಡ ಅಂದ. ಇಬ್ಬರೂ ಹೊರಟುಹೋದರು.

ಶಿದ್ರಾಯ ಒಂದು ದಿನ ಬಂದು ಭೆಟ್ಟಿಯಾದ. ಬಸಗೊಂಡ ಈತನ ಅಪ್ಪ ಬೀರದೇವನ ಕುರಿ ಹಟ್ಟಿಗೆ ಹೋಗಿ ಬೆಂಕಿ ಇಡುವೆನೆಂದು ಹೇಳಿ ಬಂದಿದ್ದನಂತೆ. ನನಗೂ ಅಪ್ಪ ಅದಾನ, ತಂಗಿ ಬೀರವ್ವ ಅದಾಳ ಎಂದು ನೆಲ ನೋಡುತ್ತ ಹೇಳಿ ಹೋದವ, ಮತ್ತೆ ತರಗತಿಗೆ ಬರಲಿಲ್ಲ. ಆತನ ಮೇಲೆ ಸಿಟ್ಟಾಗಬೇಕೆಂದು ಗೌರವ್ವ ಬಹಳ ದಿನ ಪ್ರಯತ್ನಪಟ್ಟಳು, ಆಗಲಿಲ್ಲ.

ಪರೀಕ್ಷೆಗೆ ಮುಂಚೆ ಜತ್ತದ ಸಂತೆಯ ದಿನ ಇಂದುಬಾಯಿ ತಮ್ಮ ತವರುಮನೆಯಲ್ಲಿ ತಾಯಿ-ಮಗಳ ಭೆಟ್ಟಿ ಮಾಡಿಸಿದರು. ಕಾಳವ್ವನ ಮುಂದಿನ ಒಂದು ಹಲ್ಲು ಇರಲಿಲ್ಲ. ಗೌರವ್ವ ಅದನ್ನು ನೋಡಿದಳು. ನೋಡಿದ್ದನ್ನು ತಾಯಿಯೂ ನೋಡಿದಳು. ಇಂದುಬಾಯಿ, ಅವ್ವಾ, ನೀವೂ ಬರ್ರಿ, ನಮ್ಮಲ್ಲಿ ಜಾಗ ಐತಿ ಅಂದರು.

"ಮನ್ಯಾಗ ನೀಲವ್ವ ಅದಾಳಲ್ಲರಿ," ಅಂದಳು ಕಾಳವ್ವ. ನೀಲವ್ವ ಅಂದರೆ ಸಣ್ಣ ಮಗಳು, ಇನ್ನೂ ಸಾಲಿಗೆ ಹೋಗುವಾಕಿ. "ನಾ ಬಂದರ ಆಕಿನ್ನ ಕಾಯಾವರು ಯಾರು? ಈ ಸಲ ಬಾಯಿ ಮುಚಗೊಂಡು ಕುಂದ್ರಾಂಗಿಲ್ಲ ನಾ. ಆಕಿನ್ನೂ ಹಿಂಗ ಕಳಸೂ ಹೊತ್ತು ಬಂದರ, ಇಂದುಬಾಯಾರ, ಬಾಗಿಲಾ ತಗೀತೀರಲ್ಲ?"

ತೆಗೆಯುತ್ತೇನೆ ಎಂದು ಇಂದುಬಾಯಿ ಅವಳ ಕೈ ಹಿಡಿದು ಹೇಳಿದರು.

ಬಸ್ಸಿನತನಕ ಬರುತ್ತೇನೆಂದು ಗೌರವ್ವ ಹಟ ಹಿಡಿದಳು. ಅಲ್ಲಿ ಬಿಳೂರಿನವರಿರುತ್ತಾರೆ, ಬ್ಯಾಡ ಅಂದಳು ಕಾಳವ್ವ. ಸಂತೆಗೆಂದು ಹೇಳಿ ಬಂದಿದ್ದರಿಂದ ಒಂದು ಸೇರು ಉಪ್ಪು ಕೊಂಡು, ಸೆರಗು ಮುಖದ ಮೇಲೆ ಎಳೆದುಕೊಂಡು, ಸಂತೆಯ ಗದ್ದಲದಲ್ಲಿ ಸೇರಿಹೋದಳು. ಯಾವ ಸೆರಗು ಅವ್ವನದು ಎಂದು ಹುಡುಕುತ್ತ ಗೌರವ್ವ ಬಾಗಿಲ ಒಳಗೇ ನಿಂತಳು.