ಯಾರ ಕೇಸು

“ಸೂಳಿ, ದವಾಖಾನ್ಯಾಗೂ ಅಂಗಡಿ ಹಚ್ಚೀಯೇನ?” ಎಂದು ಪೊಲೀಸಪ್ಪ ನನ್ನ ಸೆರಗಿನಿಂದ ಬಾಟಲಿ ಕಿತ್ತುಕೊಂಡ.

ಮಾರಲು ತಂದದ್ದಲ್ಲ. ಹತ್ತಿಯ ಹುಳಕ್ಕೆ ಹೊಡೆಯುವ ಎಣ್ಣೆ ಕುಡಿದವರನ್ನು ಹೊತ್ತು ತಂದರೆ ಡಾಕ್ಟರು ಮೊದಲು ಕೇಳುವುದು ಡಬ್ಬಿಯನ್ನು. ಡಬ್ಬಿ ನೋಡಿದರೆ ತಾನೇ ಯಾವ ಔಷಧ ಎಂದು ಗೊತ್ತಾಗುವುದು? ನಮ್ಮ ದೇವದುರ್ಗದ ಕಡೆ ಕೂಸಿಗೂ ಇದು ಗೊತ್ತು. ಅದಕ್ಕೇ ಮನೆಯಲ್ಲಿ ಉಳಿದಿದ್ದ ಅರ್ಧ ಬಾಟಲಿ ಸೇಂದಿಯನ್ನು ಜೋಳದ ಗಡಿಗೆಯಲ್ಲಿ ಬಚ್ಚಿಟ್ಟು, ಇವತ್ತು ಸೆರಗಿನಲ್ಲಿ ಸುತ್ತಿಕೊಂಡು ರಾಯಚೂರಿನ ಬಸ್ಸು ಹತ್ತಿದೆ. ಗಂಡ ಅದಕ್ಕಾಗಿ ಎರಡು ದಿನ ಮನೆಯೆಲ್ಲ ಹುಡುಕಿದ್ದ, ಅತ್ತಿದ್ದ. ಕೊಟ್ಟಿರಲಿಲ್ಲ. ಎಂಥ ಬುದ್ಧಿ ನಂದು!

ಅವನು, ಬೂದೆಪ್ಪ, ವರಾಂಡದ ಬೆಂಚಿನ ಮೇಲೆ ಬಿದ್ದು, ಮೈಯೆಲ್ಲ ನಡುಗುತ್ತ, ಗೋಡೆಯಿಂದ ಇರುವೆ ಬಿಡಿಸುತ್ತಿದ್ದ. ಗೋಡೆಯ ಮೇಲೆ ಒಂದು ಇರುವೆಯೂ ಇರಲಿಲ್ಲ. ಹನ್ನೆರಡು ವರ್ಷ ಮಾನ್ವಿಯ ಅಕ್ಕಿ ಮಿಲ್ಲಿನಲ್ಲಿ ಚೀಲ ಹೊತ್ತವನು. ಮಧ್ಯಾಹ್ನಕ್ಕೊಂದು, ಸಂಜೆಗೊಂದು ಬಾಟಲಿಯನ್ನು ಸಾವ್ಕಾರನೇ ತರಿಸಿ ಕೊಡುತ್ತಿದ್ದ. “ಕುಡೀರಲೇ, ಬೆನ್ನು ನೋಯಂಗಿಲ್ಲ” ಅನ್ನುತ್ತಿದ್ದ. ಬೆನ್ನು ನೋಯಲಿಲ್ಲ, ನಿಜ. ಅದು ಮರದಿಂದ ಇಳಿಸಿದ ಸೇಂದಿಯಲ್ಲ, ಅಮಲಿನ ಪೌಡರು ಕಲಸಿದ ನೀರು. ಮೊನ್ನೆ ಅಬಕಾರಿಯವರ ದಾಳಿ ಆಯಿತು, ಸೇಂದಿ ಬಂದ್ ಆಯಿತು. ಸಾವ್ಕಾರನ ಕೂದಲೂ ಕೊಂಕಲಿಲ್ಲ.

ಹಿಂದೊಮ್ಮೆ ಹೀಗೇ ಬಂದ್ ಆದಾಗ ನಮ್ಮ ಓಣಿಯ ಗುರುಸಿದ್ದ ಕುಡಿಯಲು ಸಿಗದೆ ಮೂರನೇ ದಿನ ಫಿಟ್ಸ್ ಬಂದು ಸತ್ತ. ಇವತ್ತು ಬೂದೆಪ್ಪನಿಗೆ ಮೂರನೇ ದಿನ.

ಡಾಕ್ಟರ ಮುಂದೆ ಹೋಗಿ ನಿಂತೆ.

“ಸಾಹೇಬ್ರ, ಏನ್ ಕುಡ್ದಾನಂತ ತೋರ್ಸಾಕ ಬಾಟ್ಲಿ ತಂದಿದ್ದೆ. ಪೊಲೀಸ್ರು ಕಸಗೊಂಡ್ರು. ಮೊದ್ಲು ಅವನ್ನ ನೋಡ್ರಿ ಯಪ್ಪಾ.”

“ಇದು ಪೊಲೀಸ್ ಕೇಸಮ್ಮಾ. ಅವರದು ಮುಗೀಲಿ.”

ಪೊಲೀಸಪ್ಪನ ಹತ್ತಿರ ಹೋದೆ.

“ಯಪ್ಪಾ, ನಿಮ್ದು ಲಗೂನ ಮುಗಸ್ರಿ. ಡಾಕ್ಟರು ಮುಟ್ಟವಲ್ರು.”

“ಡಾಕ್ಟರು ಕೇಸ್ ಶೀಟ್ ಬರೀಲಾರದ ನಾ ಏನ್ ಬರೀಲಿ? ಕುಡಿಯಾಗ ನನ್ನ ಕೇಳಿದ್ನೇನು ಸೂಳಿಮಗ? ಇಂಥ ಹಲ್ಕಟ್ ಮಂದಿ ಸತ್ರ ಊರು ಸ್ವಚ್ಛ ಆಗ್ತದ.”

ಹೀಗೆ ಆ ಟೇಬಲ್ಲಿಗೂ ಈ ಟೇಬಲ್ಲಿಗೂ ನಾಲ್ಕು ಸಲ ಅಲೆದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಜೋಮು ಹಿಡಿದ ಕಾಲಿನ ಹಾಗೆ ಒಳಗೆಲ್ಲ ಮರಗಟ್ಟಿತ್ತು.

ಕೊನೆಗೆ ಪೊಲೀಸಪ್ಪ ಒಂದು ಕಾಗದ ಮುಂದಿಟ್ಟ. “ಮಾರಾಕ ತಂದಿದ್ದೆ ಅಂತ ಬರದೀನಿ. ಹೆಬ್ಬಟ್ಟು ಒತ್ತು, ಆಮ್ಯಾಲೆ ಡಾಕ್ಟರಿಗಿ ಹೇಳ್ತೀನಿ.”

ಬೆಂಚಿನ ಕಡೆಯಿಂದ ಸಿಸ್ಟರ್ ವಾಹಿದಾ ಕೂಗಿದಳು. “ಡಾಕ್ಟ್ರೇ, ಇವನ ಕಣ್ಣು ಮ್ಯಾಲೆ ಹೋಗಾಕತ್ತಾವ!”

“ಆ ಪೇಪರ್ ಬರಲಿ ಸಿಸ್ಟರ್,” ಎಂದರು ಡಾಕ್ಟರು, ತಲೆ ಎತ್ತದೆ.

ನನ್ನ ಹೆಬ್ಬೆರಳು ಮಸಿಯಲ್ಲಿತ್ತು. ಬಾಟಲಿ ಕಾಗದದ ಪಕ್ಕದಲ್ಲೇ ಇತ್ತು. ಎತ್ತಿಕೊಂಡೆ. ಬೆಂಚಿಗೆ ಓಡಿ, ಹಲ್ಲಿನಿಂದ ಬಿರಡೆ ಕಚ್ಚಿ ತೆಗೆದು, ಬೂದೆಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಗುಟುಕು ಗುಟುಕಾಗಿ ಬಾಯಿಗೆ ಬಿಟ್ಟೆ.

“ಏ ಬೋಸುಡಿ! ಸಾಕ್ಷಿ ಅದು!”

“ಹ್ಞೂಂ, ಸಾಕ್ಷೀನೇ. ನುಂಗು ಬೂದೆಪ್ಪಾ, ನುಂಗು.”

ಪೊಲೀಸಪ್ಪ ಲಾಠಿ ಹಿಡಿದು ಬಂದ. ವಾಹಿದಾ ಸ್ಟ್ರೆಚರ್ ಎಳೆದು ತಂದಳು, ಅದು ಸರಿಯಾಗಿ ಅವನ ಮೊಣಕಾಲಿಗೆ ಅಡ್ಡ ಬಂತು. ಬೇಕೆಂದೇ ತಂದಳೋ ಏನೋ, ನಾನು ಕೇಳಲಿಲ್ಲ.

ಬೂದೆಪ್ಪನ ನಡುಕ ನಿಧಾನಕ್ಕೆ ಇಳಿಯಿತು. ಗೋಡೆಯ ಇರುವೆಗಳನ್ನು ಬಿಟ್ಟ. ನನ್ನ ಮುಖ ನೋಡಿ, ಬಾಟಲಿಯ ಕಡೆ ಮತ್ತೆ ಕೈ ಚಾಚಿದ. ಕೊಡಲಿಲ್ಲ. ತಳದಲ್ಲಿ ಉಳಿದದ್ದನ್ನು ಒಯ್ದು ಡಾಕ್ಟರ ಟೇಬಲ್ಲಿನ ಮೇಲೆ ಕುಕ್ಕಿದೆ.

“ಇದ ನೋಡ್ರಿ ಅವ ಕುಡ್ದದ್ದು. ಇನ್ನ ನನ್ನ ಹತ್ರ ಇಲ್ಲ. ಮುಂದಿನ ಔಷಧ ನೀವು ಕೊಡ್ರಿ.”

ಆಮೇಲೆ ಪೊಲೀಸಪ್ಪನ ಕಡೆ ತಿರುಗಿ ಮಸಿ ಹತ್ತಿದ ಹೆಬ್ಬೆರಳು ಚಾಚಿದೆ. “ಎಲ್ಲಿ ಒತ್ಲಿ?”

ಡಾಕ್ಟರು ಬಾಟಲಿ ಮೂಸಿ ನೋಡಿದರು. ಕೇಸ್ ಶೀಟ್ ಎಳೆದುಕೊಂಡು ನನ್ನ ಗಂಡನ ಹೆಸರು ಕೇಳಿದರು. ಬೆಳಗಿನಿಂದ ಯಾರೂ ಕೇಳಿರಲಿಲ್ಲ.

“ಬೂದೆಪ್ಪ,” ಎಂದೆ.

ಅವರು ಬರೆದುಕೊಂಡರು. ಪೊಲೀಸಪ್ಪನೂ ತನ್ನ ಕಾಗದದ ಮೇಲೆ ಬರೆದುಕೊಂಡ.