ಅಳಿಯ ಕೇಳಿದ ಉದ್ದನೆಯ ಹಲಗೆ

ಮದುವೆಯ ಮಾರನೆಯ ದಿನ ಹೊಸ ಅಳಿಯ ಮುನಿಸಿಕೊಂಡು ಮಂಚದ ಮೇಲೆ ಕೂರಬೇಕು, ಮಾವ ಬಂದು ಗಲ್ಲ ಹಿಡಿದು ‘ಏನು ಬೇಕು ಹೇಳಿ’ ಎಂದು ಕೇಳಬೇಕು. ಟೇಕಲ್ ಕಡೆ ಇದನ್ನು ತೆಲುಗಿನವರ ಹಾಗೆ ಅಲಕ ಎನ್ನುತ್ತಾರೆ. ಮುನಿಸು ಸುಳ್ಳು, ಕೇಳುವುದು ಮಾತ್ರ ನಿಜ. ವಾಚು ಕೇಳುವವರುಂಟು, ರೇಡಿಯೋ ಕೇಳುವವರುಂಟು, ನಾಚಿಕೆ ಬಿಟ್ಟವರು ಮೋಟಾರು ಸೈಕಲ್ಲನ್ನೇ ಕೇಳುತ್ತಾರೆ. ಎಂಬತ್ತಮೂರನೆಯ ಇಸವಿಯಲ್ಲಿ ಆಂಜಿನಪ್ಪನ ಅಳಿಯ ಮುನಿಕೃಷ್ಣ ಮಾತ್ರ ಬಹಳ ಹೊತ್ತು ಗೋಡೆ ನೋಡುತ್ತ ಕೂತಿದ್ದು, ಕೊನೆಗೆ ಒಂದು ಹಲಗೆ ಕೇಳಿದ.

“ಹಲಗೇನಾ ಅಳಿಯಂದ್ರೇ?” ಎಂದ ಆಂಜಿನಪ್ಪ.

“ಹೂಂ ಮಾವ. ಉದ್ದದ್ದು. ಕೆಳಗೆ ನಾಲ್ಕು ಚಕ್ರ ಇರ್ಬೇಕು. ಮೇಲೆ ನಿಂತ್ಕೊಂಡು ಹೋಗೋದು.”

“ಎಲ್ಲಿಗೆ?”

“ಎಲ್ಲಿಗೂ ಇಲ್ಲ. ಸುಮ್ನೆ ಹೋಗ್ತಾ ಇರೋದು.”

ಮುನಿಕೃಷ್ಣ ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಫಿಟ್ಟರು. ಅಲ್ಲಿನ ಕ್ಷೌರದಂಗಡಿಯ ಗೋಡೆಗೆ ಅಂಟಿಸಿದ್ದ ಬಣ್ಣದ ಚಿತ್ರದಲ್ಲಿ ಯಾರೋ ಬಿಳಿ ಮನುಷ್ಯ ಅಂಥದೊಂದು ಹಲಗೆಯ ಮೇಲೆ ನಿಂತು, ಕೂದಲು ಹಾರಿಸಿಕೊಂಡು, ಸಮುದ್ರದ ಪಕ್ಕದ ರಸ್ತೆಯಲ್ಲಿ ಹೋಗುತ್ತಿದ್ದನಂತೆ. ಅವಸರವಿಲ್ಲ, ಸಂಕ್ರಾಂತಿಗೆ ಬಂದಾಗ ಕೊಟ್ಟರೆ ಸಾಕು ಎಂದು ಹೇಳಿ ಅಳಿಯ ಮಂಚ ಇಳಿದು ಊಟಕ್ಕೆ ಕೂತ.

ಆಂಜಿನಪ್ಪ ಮಾತ್ರ ಅರ್ಧ ಊಟಕ್ಕೇ ಕೈ ತೊಳೆದ. ಇರುವವಳು ಒಬ್ಬಳೇ ಮಗಳು ಆದಿಲಕ್ಷ್ಮಿ. ಹುಡುಗನಿಗೆ ಕುಡಿತ ಇಲ್ಲ, ಇಸ್ಪೀಟು ಇಲ್ಲ ಎಂದು ಊರೂರು ವಿಚಾರಿಸಿ ಕೊಟ್ಟಿದ್ದ. ತಲೆ ನೆಟ್ಟಗಿದೆಯೇ ಎಂದು ಕೇಳುವುದೊಂದು ಮರೆತುಹೋಗಿತ್ತು.

“ಹುಚ್ಚನಿಗೆ ಕೊಟ್ಬಿಟ್ವೇನೇ ಮಗೂನ?” ಎಂದು ಸಂಜೆ ಹೆಂಡತಿಯನ್ನು ಕೇಳಿದ.

“ನಮ್ಮಪ್ಪ ನಿಮಗೆ ಟಾರ್ಚು ಕೊಟ್ಟಾಗ ನೀವು ಹಾಡಹಗಲು ಹಾಕ್ಕೊಂಡು ತಿರುಗ್ಲಿಲ್ವಾ?” ಎಂದಳು ವೆಂಕಟರತ್ನಮ್ಮ. “ಕೇಳಿದ್ದು ಕೊಡಿ, ಸುಮ್ನಿರಿ.”

ಕೊಡುವುದಾದರೆ ಮಾಡುವವರು ಬೇಕಲ್ಲ. ಟೇಕಲ್‌ನಲ್ಲಿ ಎತ್ತಿನಗಾಡಿ ಮಾಡುವವನು ಪೀರ್ ಸಾಬ್, ಆಂಜಿನಪ್ಪನ ಹಳೆಯ ಸ್ನೇಹಿತ. ಇಬ್ಬರೂ ಕೂತು ಬೀಡಿ ಹಚ್ಚಿ ಯೋಚಿಸಿದರು. ಅಳಿಯನಿಗೆ ಕೊಡುವ ಹಲಗೆ ಎಂದರೆ ಹಸೆಮಣೆಗಿಂತ ಕಡಿಮೆಯದಾದರೆ ಬೀಗರು ಆಡಿಕೊಳ್ಳುವುದಿಲ್ಲವೇ? ಆದ್ದರಿಂದ ಹಲಸಿನ ಮರದ, ಗೇಣು ದಪ್ಪದ, ಚೌಕಾಕಾರದ, ನಾಲ್ಕು ಮೂಲೆಗೂ ಹಿತ್ತಾಳೆ ಹೂವು ಬಡಿದ ಭರ್ಜರಿ ಮಣೆಯೊಂದು ತಯಾರಾಯಿತು. ಕೆಳಗೆ ಚಕ್ರವಾಗಿ ಲಾರಿಯ ಹಳೆಯ ಬೇರಿಂಗು. ಉದ್ದ ಎಂದು ಅಳಿಯ ಹೇಳಿದ್ದು ಆಂಜಿನಪ್ಪನಿಗೆ ನೆನಪಿರಲಿಲ್ಲ.

“ಹತ್ತಿ ನೋಡು ಪೀರ್ ಸಾಬು” ಎಂದ ಆಂಜಿನಪ್ಪ.

“ಅರೆ, ಮಾಡೋನು ನಾನು, ಹತ್ತೋನೂ ನಾನೇನಾ? ಅಳಿಯ ನಿಂದು.”

ಅದೂ ಸರಿಯೇ. ಮಾವ ಕೊಟ್ಟ ಹಲಗೆಯಿಂದ ಬಿದ್ದು ಅಳಿಯ ಕಾಲು ಮುರಿದುಕೊಂಡರೆ ಆ ಮಾತನ್ನು ಬಾಳೆಲ್ಲ ಕೇಳಬೇಕಾದವಳು ಮಗಳು. ಆಂಜಿನಪ್ಪ ಆಂಜನೇಯನನ್ನು ನೆನೆದು, ಬೆಟ್ಟದ ಕಡೆಯಿಂದ ಸ್ಟೇಷನ್ನಿಗೆ ಇಳಿಯುವ ಟಾರು ರಸ್ತೆಯಲ್ಲಿ ಮಣೆ ಹತ್ತಿದ. ಬೇರಿಂಗಿನ ಸದ್ದಿಗೆ ಊರಿನ ನಾಯಿಗಳೆಲ್ಲ ಎದ್ದು ಬಂದವು. ಮಣೆ ಮುಂದಕ್ಕೆ ಹೋಗುವ ಬದಲು ಬುಗುರಿಯಂತೆ ಸುತ್ತಿ, ಹೋಗಬೇಕಾದ ದಿಕ್ಕಿಗೆ ಅವನ ಬೆನ್ನು ಮಾಡಿಸಿ, ಚರಂಡಿಯಲ್ಲಿ ನಿಂತಿತು.

“ಉದ್ದ ಬೇಕಿತ್ತು ಕಣೋ” ಎಂದ ಆಂಜಿನಪ್ಪ ಚರಂಡಿಯಿಂದಲೇ. “ಗಿಡ್ಡದ್ದು ಗಿರಕಿ ಹೊಡೀತದೆ.”

ಎರಡನೆಯದು ಉದ್ದವಾಗಿತ್ತು, ತೆಳ್ಳಗಿತ್ತು, ಶ್ರೀನಿವಾಸಪುರದಿಂದ ತರಿಸಿದ ಮಾವಿನ ಮರದ್ದು. ಹತ್ತಿ ನಿಂತ ಕೂಡಲೇ ನಡುವೆ ಲಟ್ಟೆಂದಿತು. “ಮಾವಿನ ಹಲಗೆ ಹಣ್ಣಿನ ಪೆಟ್ಟಿಗೆಗೆ ಸರಿ, ಮಾವನ ತೂಕಕ್ಕಲ್ಲ” ಎಂದು ಪೀರ್ ಸಾಬ್ ನಕ್ಕ. ಆಂಜಿನಪ್ಪ ವಾರವಿಡೀ ಅವನ ಜೊತೆ ಮಾತು ಬಿಟ್ಟ. ಹಸಿ ಮರ ಕೊಯ್ದವನು ಅವನೇ, ಬೇರೆಯವರ ತೂಕದ ಮಾತು ಯಾಕೆ?

ಸಿಟ್ಟಿನಲ್ಲೇ ಹಿಪ್ಪುನೇರಳೆ ತೋಟದಲ್ಲಿ ಕೂತಿದ್ದಾಗ ಅವನಿಗೆ ತನ್ನ ಹರೆಯದ ಕಾವಡಿ ನೆನಪಾಯಿತು. ಎರಡು ಕೊಡ ನೀರು ತೂಗಿಹಾಕಿದರೂ ಬಿದಿರಿನ ಕಾವಡಿ ಹೆಜ್ಜೆಹೆಜ್ಜೆಗೂ ಬಾಗಿ ಏಳುತ್ತಿತ್ತು, ಮುರಿಯುತ್ತಿರಲಿಲ್ಲ, ಹೆಗಲೂ ನೋಯುತ್ತಿರಲಿಲ್ಲ. ಮಾತು ಬಿಟ್ಟದ್ದನ್ನು ಮರೆತು ಎದ್ದು ಓಡಿದ.

ಬಿದಿರಿನ ದಬ್ಬೆಗಳನ್ನು ಅಂಟು ಹಾಕಿ ಒಂದರ ಮೇಲೊಂದು ಕೂರಿಸಿ ಮೂರನೆಯ ಹಲಗೆ ಹುಟ್ಟಿತು. ನಡುವೆ ಅಗಲ, ತುದಿಗಳು ಮೀನಿನ ಮೂತಿಯಂತೆ ಸಣ್ಣಗೆ. ಕೋಲಾರದ ಗುಜರಿಯಲ್ಲಿ ಮೆತ್ತನೆಯ ರಬ್ಬರ್ ಚಕ್ರಗಳು ಸಿಕ್ಕವು. ಹಲಗೆಗೂ ಅಚ್ಚಿಗೂ ನಡುವೆ ಪೀರ್ ಸಾಬ್ ಒತ್ತಿದರೆ ಕುಗ್ಗುವ ಲಾರಿಯ ರಬ್ಬರ್ ಬುಷ್ ಇಟ್ಟ. ಎಡಕ್ಕೆ ವಾಲಿದರೆ ಹಲಗೆ ಎಡಕ್ಕೆ ತಿರುಗಿತು, ಬಲಕ್ಕೆ ವಾಲಿದರೆ ಬಲಕ್ಕೆ.

ಆ ದಿನ ಆಂಜಿನಪ್ಪ ಇಳಿಜಾರಿನಲ್ಲಿ ಸದ್ದಿಲ್ಲದೆ ಸಾಗಿದ. ಪಂಚೆ ಗಾಳಿಗೆ ಉಬ್ಬಿತು, ಹಲಗೆ ಕಾಲಡಿಯಲ್ಲಿ ಮೆಲ್ಲಗೆ ಬಾಗಿ ಎದ್ದಿತು. ನಿಲ್ಲಿಸುವುದು ಹೇಗೆಂದು ಇಬ್ಬರೂ ಯೋಚಿಸಿರಲಿಲ್ಲ. ಬಸ್ಸು ಲಾರಿ ತುಳಿದು ಕಾಳು ಬಿಡಿಸಲಿ ಎಂದು ದೊಡ್ಡಮುನಿಯಮ್ಮ ರಸ್ತೆಯ ಮೇಲೆ ಹುರುಳಿ ಸೊಪ್ಪು ಹರಡಿದ್ದಳು. ಹಲಗೆ ಸೊಪ್ಪಿಗೆ ಸಿಕ್ಕಿ ನಿಂತಿತು, ಆಂಜಿನಪ್ಪ ನಿಲ್ಲಲಿಲ್ಲ.

“ಬಸ್ಸು ಬರ್ಲಿ ಅಂತ ಹಾಕಿದ್ರೆ ನೀನ್ ಬಂದ್ಯಾ?” ಎಂದು ಅವಳು ಮೊರ ಹಿಡಿದು ಕೇಳಿದಳು. “ಬಂದಿದ್ದೀಯ, ಇನ್ನೊಂದು ಸಲ ಹೊರಳಾಡಿ ಹೋಗು, ಕಾಳಾದ್ರೂ ಉದುರ್ಲಿ.”

ಆಮೇಲೆ ಅವನು ಒಂದು ಕಾಲನ್ನು ನೆಲಕ್ಕೆ ಉಜ್ಜಿ ನಿಲ್ಲಿಸುವುದನ್ನು ಕಲಿತು ದಿನವೂ ಹೋಗತೊಡಗಿದ. ಪರೀಕ್ಷೆ ಮಾಡುತ್ತಿದ್ದೇನೆ ಎನ್ನುತ್ತಿದ್ದ. ನಿಜ ಹೇಳಬೇಕೆಂದರೆ, ಐವತ್ತು ದಾಟಿದ ಆ ಮನುಷ್ಯ ಅದುವರೆಗೆ ಆ ರಸ್ತೆಯಲ್ಲಿ ಮೂಟೆಯಿಲ್ಲದೆ, ಎತ್ತಿನ ಹಗ್ಗವಿಲ್ಲದೆ, ಕೆಲಸವಿಲ್ಲದೆ ಹೋದದ್ದೇ ಇರಲಿಲ್ಲ. ಸುಮ್ಮನೆ ಹೋಗುವುದು ಇಷ್ಟು ಸುಖವೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಒಂದು ದಿನ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುವುದನ್ನೂ ಮರೆತು ಬಂದು ವೆಂಕಟರತ್ನಮ್ಮನಿಂದ ಸರಿಯಾಗಿ ಬೈಸಿಕೊಂಡ.

ಆಗ ಅವನಿಗೆ ನಿಜವಾದ ಭಯ ಹತ್ತಿತು. ಅಳಿಯ ಹುಚ್ಚನಲ್ಲ, ಅದು ಈಗ ಗೊತ್ತಾಯಿತು. ಆದರೆ ಮನೆ ಮಠ ಕಂಡ ತಾನೇ ಹೆಂಡತಿಯನ್ನೂ ಹುಳುವನ್ನೂ ಮರೆತರೆ, ಹೊಸ ಪ್ರಾಯದ ಹುಡುಗ ಈ ರುಚಿ ಹತ್ತಿದ ಮೇಲೆ ಆದಿಲಕ್ಷ್ಮಿಯ ಹತ್ತಿರ ಯಾಕೆ ಕೂತಿರುತ್ತಾನೆ? ಮಗಳಿಗೆ ಸವತಿಯನ್ನು ಕೈಯಾರೆ ಮಾಡಿಸಿದೆನಲ್ಲ ಎಂದು ಕೊರಗಿದ. ಒಲೆಗೆ ಹಾಕಿಬಿಡೋಣವೆಂದು ಹಲಗೆಯನ್ನು ಅಡುಗೆಮನೆಯವರೆಗೂ ಒಯ್ದ, ಮನಸ್ಸು ಬರಲಿಲ್ಲ.

ಸಂಕ್ರಾಂತಿಗೆ ಮಗಳು ಅಳಿಯ ಬಂದರು. ಎಳ್ಳುಬೆಲ್ಲ ಕೊಟ್ಟು, ಅರಿಶಿನ ಕುಂಕುಮ ಹಚ್ಚಿದ ಹಲಗೆಯನ್ನು ಆಂಜಿನಪ್ಪ ಒಲ್ಲದ ಮನಸ್ಸಿನಿಂದ ಒಪ್ಪಿಸಿದ. ಮುನಿಕೃಷ್ಣ ಅದನ್ನು ಬಗ್ಗಿಸಿ ನೋಡಿದ, ಚಕ್ರ ತಿರುಗಿಸಿ ನೋಡಿದ, ಹೆಗಲಿಗೆ ಹಾಕಿಕೊಂಡು ರಸ್ತೆಗೆ ನಡೆದ. ಬೀದಿಯೇ ಹಿಂದೆ ಹೋಯಿತು.

ಅವನು ಹಲಗೆ ಹತ್ತಲಿಲ್ಲ. “ಬಾ, ಕೂತ್ಕೋ” ಎಂದು ಆದಿಲಕ್ಷ್ಮಿಯನ್ನು ಕರೆದ. ಅವಳು ಅಪ್ಪನ ಮುಖ ನೋಡಿದಳು, ನಾಚಿದಳು, ಕಾಲು ಮಡಿಸಿ ಮುಂದಿನ ಭಾಗದಲ್ಲಿ ಕೂತೇಬಿಟ್ಟಳು. ಅಳಿಯ ಅವಳ ಹಿಂದೆ ಒಂದು ಕಾಲಿಟ್ಟು ಇನ್ನೊಂದರಲ್ಲಿ ನೆಲ ಒದ್ದ.

“ಚಿತ್ರದಲ್ಲಿ ಆಯಪ್ಪ ಒಬ್ನೇ ಇದ್ದ ಮಾವ” ಎಂದು ಕೂಗಿ ಹೇಳಿದ. “ಅಷ್ಟುದ್ದ ಹಲಗೆ, ಒಬ್ನೇ ಏನ್ ಹೋಗ್ತಾನೆ ಅನ್ನಿಸ್ತು.”

ಇಬ್ಬರೂ ಇಳಿಜಾರಿನಲ್ಲಿ ಹೋದರು. ಮಗಳ ನಗು ತಿರುವಿನವರೆಗೂ ಕೇಳಿಸುತ್ತಿತ್ತು. ಆಂಜಿನಪ್ಪನಿಗೆ ಕಣ್ಣು ತುಂಬಿ ಬಂತು, ಹುರುಳಿ ಧೂಳು ಎಂದು ಹೇಳಿಕೊಂಡು ಟವೆಲ್ಲಿನಿಂದ ಒರೆಸಿಕೊಂಡ.

ಅವರು ಹಲಗೆ ಹೊತ್ತು ಮೇಲಕ್ಕೆ ನಡೆದು ಬಂದಾಗ ವೆಂಕಟರತ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು.

“ಇಷ್ಟು ದಿನ ಒಬ್ರೇ ಹೋದ್ರಲ್ಲ” ಎಂದಳು ಗಂಡನಿಗೆ.

ಬೀದಿಗೆ ಬೀದಿಯೇ ನೋಡುತ್ತಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನು ಹೆಂಡತಿಯ ಜೊತೆ ಸಂತೆಗೂ ಹತ್ತು ಮಾರು ಮುಂದೆಯೇ ನಡೆದವನು. ಆಂಜಿನಪ್ಪ ಅಳಿಯನ ಕೈಯಿಂದ ಹಲಗೆ ತೆಗೆದುಕೊಂಡು ಅವಳ ಮುಂದೆ ಇಟ್ಟ, ಪಂಚೆ ಎತ್ತಿ ಕಟ್ಟಿದ, “ಗಟ್ಟಿಯಾಗಿ ಹಿಡ್ಕೊಳೇ” ಎಂದ.