ಇಸ್ತ್ರಿ ಹಾಕದ ದರ್ಜಿ

ಆ ದರ್ಜಿಯ ಅಂಗಡಿಯಲ್ಲಿ ಎಲ್ಲವೂ ಇತ್ತು, ಇಸ್ತ್ರಿಪೆಟ್ಟಿಗೆ ಒಂದನ್ನು ಬಿಟ್ಟು. ಬೀದಿಯ ಜನ ಇದಕ್ಕೆ ಎಂದೋ ಒಗ್ಗಿಹೋಗಿ, ಅವರಿಗೆ ಸುಕ್ಕು ಮಾಸ್ಟರ್ ಎಂದು ಹೆಸರಿಟ್ಟು, ಹೊಲಿಸಿದ ಬಟ್ಟೆಯನ್ನು ಇಸ್ತ್ರಿಗಾಗಿ ಪಕ್ಕದ ಬೀದಿಗೆ ಒಯ್ಯುತ್ತಿದ್ದರು. ಅವರು ಅಂಗಿ ಮಡಿಸುವ ಕ್ರಮವೂ ವಿಚಿತ್ರವೇ. ಮಡಿಕೆ ಮಡಿಕೆಯ ನಡುವೆ ಮುಖಕ್ಕೆ ಹಚ್ಚುವ ಪೌಡರನ್ನು ಚಿಟಿಕೆಯಷ್ಟು ಉದುರಿಸಿ, ಅಂಗೈಯಿಂದ ಸವರಿ, ಮತ್ತೊಮ್ಮೆ ಪೂರ್ತಿ ಬಿಡಿಸಿ ನೋಡಿ, ಸಲೀಸಾಗಿ ಬಿಚ್ಚಿಕೊಂಡಿತೆಂದು ಖಾತ್ರಿಯಾದ ಮೇಲೆಯೇ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು.

ಹಳ್ಳಿಯಿಂದ ಓದಲು ಬಂದ ನಾನು ಆ ಅಂಗಡಿಯ ಮೇಲಿನ ಕೋಣೆಯಲ್ಲಿ ನಾಲ್ಕು ವರ್ಷ ಇದ್ದೆ. ನಮ್ಮ ವಂಶದಲ್ಲಿ ಕೋಟು ತೊಟ್ಟ ಮೊದಲಿಗ ನಾನು. ಅದನ್ನು ಹೊಲಿದವರು ಅವರು. ಸಂದರ್ಶನಕ್ಕೆ ಹೊರಟ ಬೆಳಿಗ್ಗೆ, "ಮಾಸ್ಟರ್, ಬೆನ್ನಿಗೆಲ್ಲ ಸುಕ್ಕು ಬಿದ್ದಿದೆಯಲ್ಲ" ಎಂದು ಗೋಳಾಡಿದೆ.

"ಎದುರಿಗೆ ಕೂತವರು ನಿನ್ನ ಬೆನ್ನು ನೋಡ್ತಾರಾ? ಹೋಗಪ್ಪ, ಮೈಬಿಸಿಗೆ ಅದೇ ಸರಿಹೋಗುತ್ತೆ."

ಕಿಟಕಿಯ ಪಕ್ಕ ಕೂತು ಅಂಗಿಯ ಗುಂಡಿಗಳಿಗೆ ಕಾಜಾ ಹಾಕುತ್ತಿದ್ದ ಅವರ ತಂಗಿ ತಲೆ ಎತ್ತಲಿಲ್ಲ. ಅದು ನನಗೆ ಸೋಜಿಗ. ಅಣ್ಣನನ್ನು ಛೇಡಿಸುವ ಒಂದು ಅವಕಾಶವನ್ನೂ ಬಿಡದ ಹೆಂಗಸು ಆಕೆ. ಮಾಸ್ಟರ್ ಸದಾ ಆಕಾಶ ನೋಡುತ್ತಾ ಕತ್ತು ಹಿಂದಕ್ಕೆ ವಾಲಿಸಿ ನಡೆಯುವವರು. "ನಮ್ಮಣ್ಣ ನಿನ್ನೆ ಲೈಟುಕಂಬಕ್ಕೆ ಡಿಕ್ಕಿ ಹೊಡೆದು, ಕಂಬದ ಹತ್ರಾನೇ ಕ್ಷಮೆ ಕೇಳ್ದ" ಎಂದು ಆಕೆ ಗಿರಾಕಿಗಳೆದುರೇ ನಗುತ್ತಿದ್ದರು. ಇಸ್ತ್ರಿಯ ಮಾತು ಬಂದರೆ ಮಾತ್ರ ಸೂಜಿಯೊಳಗೆ ಮುಳುಗಿಬಿಡುತ್ತಿದ್ದರು.

ಕಾರಣವನ್ನು, ತಂಗಿ ನೂಲು ತರಲು ಹೋಗಿದ್ದ ಒಂದು ಮಧ್ಯಾಹ್ನ, ಮಾಸ್ಟರೇ ಹೇಳಿದರು. ಮನುಷ್ಯರು ಚಂದ್ರನ ಮೇಲೆ ಕಾಲಿಟ್ಟ ಸುದ್ದಿ ಎಲ್ಲರ ಬಾಯಲ್ಲೂ ಇದ್ದ ಕಾಲ ಅದು. ಹದಿನೆಂಟರ ಅವರು, ಒಬ್ಬ ಬೆಸುಗೆಯವನು, ಒಬ್ಬ ಸೈಕಲ್ ರಿಪೇರಿಯವನು, ಮೂವರೂ ಸೇರಿ ಸೈಕಲ್ ಪಂಪಿನ ಕೊಳವೆಗಳಿಂದ ರಾಕೆಟ್ ಮಾಡಿ ಊರಾಚೆಯ ಬಯಲಿನಿಂದ ಹಾರಿಸುತ್ತಿದ್ದರು. ನಾಲ್ಕು ರಾಕೆಟ್ ಖಾಲಿ ಹೋದವು. ಐದನೆಯದಕ್ಕೆ ಒಬ್ಬ ಪ್ರಯಾಣಿಕ ಬೇಕಾಯಿತು. ಹತ್ತು ವರ್ಷದ ತಂಗಿ ತಾನು ಸಾಕಿದ್ದ ಬಿಳಿ ಇಲಿಯನ್ನು ಒಂದೇ ಷರತ್ತಿನ ಮೇಲೆ ಕೊಟ್ಟಳು: "ವಾಪಸ್ ತಂದ್ಕೊಡ್ಬೇಕು."

ಪ್ಯಾರಾಚೂಟು ಮಾಸ್ಟರ ಪಾಲಿನ ಕೆಲಸ. ನೈಲಾನು ಬಟ್ಟೆಗೆ ದುಪ್ಪಟ್ಟು ಹೊಲಿಗೆ ಹಾಕಿದರು. ಅಲ್ಲಿಗೆ ಬಿಟ್ಟಿದ್ದರೆ ಸಾಕಿತ್ತು. ಆದರೆ ಸುಕ್ಕಾದ ಬಟ್ಟೆ ಕೈಯಿಂದ ಹೊರಗೆ ಹೋಗಬಾರದೆಂದು ಕಲಿತ ದರ್ಜಿಯಲ್ಲವೇ. ಅಂದವಾಗಿ ಮಡಿಸಿ, ಮೇಲೆ ಬಿಸಿ ಇಸ್ತ್ರಿ ಆಡಿಸಿದರು.

"ಮಡಿಕೆ ಕತ್ತಿ ಹಾಗೆ ಕೂತಿತ್ತಪ್ಪ. ಒಂದಕ್ಕೊಂದು ಅಂಟಿಕೊಂಡಿದೆ ಅಂತ ನೆಲಕ್ಕೆ ಬಿದ್ದ ಮೇಲೇ ಗೊತ್ತಾಗಿದ್ದು."

ರಾಕೆಟ್ ಏರಿದಾಗ ಬಯಲಲ್ಲಿ ನೆರೆದವರೆಲ್ಲ ಚಪ್ಪಾಳೆ ಹೊಡೆದರಂತೆ. ಅದು ಕಲ್ಲಿನಂತೆ ನೆಟ್ಟಗೆ ಬೀಳುತ್ತಿದ್ದಾಗಲೂ ಚಪ್ಪಾಳೆ ನಿಂತಿರಲಿಲ್ಲವಂತೆ. ತಂಗಿ ಇಲಿಯನ್ನು ಆ ಬಟ್ಟೆಯ ಸಮೇತ ಲಂಗದಲ್ಲಿ ಎತ್ತಿಕೊಂಡು ಮನೆಗೆ ನಡೆದಳು.

"ಬೈದಿದ್ರೆ ಚೆನ್ನಾಗಿತ್ತು. ನಲವತ್ತು ವರ್ಷ ಆಯ್ತು, ಆ ಮಾತೇ ಎತ್ತಿಲ್ಲ. ಏನಾದ್ರೂ ಒಂದು ಅಂದುಬಿಡ್ಲಿ ಅಂತ ಕಾಯ್ತಾನೇ ಇದ್ದೀನಿ."

ನನ್ನ ಕೊನೆಯ ವರ್ಷದಲ್ಲಿ ಮೂವರು ಗಗನಯಾತ್ರಿಗಳನ್ನು ಹೊತ್ತ ರಾಕೆಟ್ಟೊಂದು ಏರಿತು. ಎದುರಿನ ರೇಡಿಯೋ ರಿಪೇರಿ ಅಂಗಡಿಯ ಟಿವಿಯ ಮುಂದೆ ಬೀದಿಗೆ ಬೀದಿಯೇ ಕಿಕ್ಕಿರಿಯಿತು. ರೇಡಿಯೋದವನು ಅಲ್ಲಿಂದಲೇ ಕೂಗಿದ: "ಮಾಸ್ಟರೇ, ಬನ್ನಿ, ಹಾರಿಬಿಡ್ತು!"

ಮಾಸ್ಟರ್ ಬೆನ್ನು ತಿರುಗಿಸಿಯೇ ಹೊಲಿಗೆ ಯಂತ್ರ ತುಳಿಯುತ್ತಿದ್ದರು. "ಹಾರೋದೇನು ಮಹಾ. ಇಳೀಲಿ, ಬರ್ತೀನಿ."

ಆ ಮೂವರು ಇಳಿಯುವುದು ಐದು ದಿನ ಬಿಟ್ಟು. ಅಷ್ಟರಲ್ಲಿ ಬೀದಿ ಅವರನ್ನು ಮರೆತಿತ್ತು. ಟಿವಿಯ ಮುಂದೆ ಇದ್ದವರು ರೇಡಿಯೋದವನು, ನಾನು, ಕತ್ತಿನಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಬಂದ ಮಾಸ್ಟರ್, ಅವರ ಹಿಂದೆಯೇ ಕರೆಯದೆ ಬಂದ ತಂಗಿ. ಪರದೆಯ ಮೇಲೆ ಒಂದು ಕಪ್ಪು ಚುಕ್ಕೆ ಬೀಳುತ್ತಿತ್ತು. ಮಾಸ್ಟರ ಕೈಗಳು ಅಳತೆಪಟ್ಟಿಯನ್ನು ಮಡಿಸುತ್ತಿದ್ದವು, ಬಿಡಿಸುತ್ತಿದ್ದವು. ಚುಕ್ಕೆಯ ಮೇಲೆ ಬಿಳಿಯದೇನೋ ಜೋತಾಡಿತು, ಅನುಮಾನಿಸಿತು, ಪಟ್ಟನೆ ಅರಳಿತು.

ಆಮೇಲೆ ತಂಗಿ, ಕಣ್ಣನ್ನು ಪರದೆಯಿಂದ ಕೀಳದೆ, ಹೇಳಿದರು:

"ಇಲೀನ ಹೂಳೋ ಮುಂಚೆ ಬಿಡಿಸೋಕೆ ನೋಡಿದ್ದೆ ಅಣ್ಣ. ಅಂಟಿದ ಕಡೆ ಬಟ್ಟೆ ಹರೀತು. ನಿನ್ನ ಹೊಲಿಗೆ ಮಾತ್ರ ಒಂದೂ ಬಿಟ್ಟಿರಲಿಲ್ಲ."

ಮಾಸ್ಟರ್ ಅಳತೆಪಟ್ಟಿಯನ್ನು ಕತ್ತಿಗೆ ಹಾಕಿಕೊಂಡು, ಎರಡೂ ಕೈ ಎತ್ತಿ ಚಪ್ಪಾಳೆ ಹೊಡೆಯತೊಡಗಿದರು; ರೇಡಿಯೋದವನು ಟಿವಿ ಆರಿಸಿದ ಮೇಲೂ ಹೊಡೆದರು.

ಆಮೇಲೂ ಅಂಗಡಿಗೆ ಇಸ್ತ್ರಿಪೆಟ್ಟಿಗೆ ಬರಲಿಲ್ಲ. ಆದರೆ ಯಾರಾದರೂ ಸುಕ್ಕಿನ ಬಗ್ಗೆ ತಕರಾರು ಎತ್ತಿದರೆ ಕಿಟಕಿಯ ಪಕ್ಕದಿಂದ ಈಗ ಉತ್ತರ ಬರುತ್ತಿತ್ತು: "ನಮ್ಮಣ್ಣನ್ನ ಇಸ್ತ್ರಿ ಕೇಳ್ಬೇಡಿ. ಒಂದ್ಸಲ ಹಾಕಿದ್ದೇ ನಲವತ್ತು ವರ್ಷಕ್ಕೆ ಸಾಕಾಗಿದೆ." ಮಾಸ್ಟರ್ ಹೊಟ್ಟೆ ಹಿಡಿದು ನಗುತ್ತಿದ್ದರು.

ಏರುವವರನ್ನು ನೋಡಲು ಜಗತ್ತು ಎಲ್ಲಿದ್ದರೂ ಓಡಿ ಬರುತ್ತದೆ. ಅವರು ಇಳಿದು ಬರಲೆಂದು ಬಟ್ಟೆ ಹೊಲಿದು, ಮಡಿಸಿ, ನಂಬಿಕೆ ಸಾಲದೆ ಮತ್ತೆ ಬಿಡಿಸಿ ನೋಡುವ ಜನ ಬೇರೆ. ಅಂಥವರು ಸಂಭ್ರಮಕ್ಕೆ ಯಾವಾಗಲೂ ತಡವಾಗಿ ಬರುತ್ತಾರೆ, ಎಲ್ಲರೂ ಚದುರಿದ ಮೇಲೆ. ಹೋದವರು ಮನೆ ಸೇರಿದರೆಂದು ತಿಳಿಯುವವರೆಗೆ ಇಂಥವರ ಕೈಗಳಿಗೆ ಬೇರೆ ಕೆಲಸವಿರುತ್ತದೆ.